ನಾಚಿದ ನಾಲಗೆ

ಭಾಷೆಯ ಕಲಿಕೆಯನ್ನು ಕುರಿತು ಮಾತು ಬಂದಾಗ ನಾವು ಸಾಮಾನ್ಯವಾಗಿ ಪಠ್ಯಪುಸ್ತಕ, ಅಧ್ಯಾಪಕರು, ಪರೀಕ್ಷೆ, ವಾರಕ್ಕೆ ಎಷ್ಟು ಗಂಟೆಯ ಪಾಠ ಎಂಬ ಲೆಕ್ಕಗಳನ್ನು ಮುಂದಿಡುತ್ತೇವೆ. ಕಲಿಯುವವರ ಮನಸ್ಸು ಆ ಹೊತ್ತಿನಲ್ಲಿ ಯಾವ ಸ್ಥಿತಿಯಲ್ಲಿದೆ ಎಂದು ಕೇಳುವವರು ಕಡಿಮೆ. ಲೆಕ್ಕ ತಪ್ಪಿದ ಮಗು ರಬ್ಬರಿನಿಂದ ಅಳಿಸಿ ಮತ್ತೆ ಬರೆಯಬಹುದು. ಮಾತು ತಪ್ಪಿದ ಮಗುವಿಗೆ ಆ ಅನುಕೂಲವಿಲ್ಲ. ಆಡಿದ ಮಾತು ಆಗಲೇ ಎದುರಿನವರ ಕಿವಿ ಸೇರಿರುತ್ತದೆ, ಅವರ ಮುಖದಲ್ಲಿ ಒಂದು ಭಾವ ಮೂಡಿರುತ್ತದೆ. ಮುಂದಿನ ವಾಕ್ಯವನ್ನು ಆಡಬೇಕೋ ಬೇಡವೋ ಎಂಬುದನ್ನು ಮಗು ಬಹುಮಟ್ಟಿಗೆ ಆ ಮುಖವನ್ನು ನೋಡಿಯೇ ತೀರ್ಮಾನಿಸುತ್ತದೆ. ಚೆನ್ನೈಯ ಪಶ್ಚಿಮ ಮಾಂಬಲದಲ್ಲಿ ಹಲವು ವರ್ಷಗಳಿಂದ ಭಾನುವಾರದ ಬೆಳಗ್ಗೆ ಹತ್ತು ಹನ್ನೆರಡು ಮಕ್ಕಳಿಗೆ ಕನ್ನಡದ ಓದು ಬರಹ ಹೇಳಿಕೊಡುತ್ತ ಬಂದಿರುವ ನನಗೆ ಈ ಸಂಗತಿ ಪುಸ್ತಕಗಳಿಗಿಂತ ಮೊದಲು ಆ ಮಕ್ಕಳ ಮುಖಗಳಲ್ಲೇ ಕಾಣಿಸಿತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಓದುಗರಿಗೆ ಇದು ತೀರ ಅಪರಿಚಿತವಾಗಿರಲಾರದು.

ಚೆನ್ನೈಯ ಕನ್ನಡದ ಮನೆಯೊಂದರ ಮಗು ದಿನವೂ ನಾಲ್ಕು ಭಾಷೆಗಳ ನಡುವೆ ಓಡಾಡುತ್ತದೆ. ಇಂಗ್ಲಿಷು ಶಾಲೆಯದು, ಅದರಲ್ಲಿ ಹಿಂದುಳಿದರೆ ಬದುಕಿನಲ್ಲೇ ಹಿಂದುಳಿದಂತೆ ಎಂಬ ಭಯವನ್ನು ಎಲ್.ಕೆ.ಜಿ.ಯಿಂದಲೇ ತುಂಬಲಾಗಿದೆ. ತಮಿಳು ಆಟದ್ದು, ಅಪಾರ್ಟ್‌ಮೆಂಟಿನ ಕೆಳಗೆ ಕ್ರಿಕೆಟ್ ಆಡುವಾಗ ಔಟೋ ನಾಟೌಟೋ ಎಂದು ಜಗಳವಾಡಲು ಅದು ಬೇಕೇ ಬೇಕು. ಹಿಂದಿ ಸಂಜೆಯ ಟ್ಯೂಷನ್ನಿನದು. ಕನ್ನಡ ಮನೆಯದು, ಹೆಚ್ಚು ಖಚಿತವಾಗಿ ಹೇಳುವುದಾದರೆ ಫೋನಿನ ಆ ತುದಿಯಲ್ಲಿರುವ ಅಜ್ಜಿಯದು. ನಾಲ್ಕೂ ಒಂದೇ ಮೆದುಳಿಗೆ ಬರುತ್ತವೆ, ಒಂದೇ ಬುದ್ಧಿಶಕ್ತಿಗೆ ಒದಗುತ್ತವೆ. ಆದರೆ ಒಂದೊಂದರ ಜೊತೆಗೂ ಅಂಟಿಕೊಂಡಿರುವ ಭಾವ ಬೇರೆ ಬೇರೆ. ಅಂತೆಯೇ ಒಂದೊಂದರ ಫಲವೂ ಬೇರೆ.

ಹಿಂದಿಯನ್ನೇ ನೋಡಿ. ಈ ನಗರದ ತ್ಯಾಗರಾಯನಗರದಲ್ಲಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಕೇಂದ್ರವಿದೆ. ಗಾಂಧೀಜಿಯವರ ಅಪೇಕ್ಷೆಯಂತೆ 1918ರಲ್ಲಿ ಆರಂಭವಾದ ಈ ಕೆಲಸಕ್ಕೆ ಮೊದಲ ಪ್ರಚಾರಕರಾಗಿ ಮದರಾಸಿಗೆ ಬಂದವರು ಅವರ ಮಗ ದೇವದಾಸ ಗಾಂಧಿ. ಅದೇ ನಗರದಲ್ಲಿ, ರಾಜಾಜಿಯವರ ಸರ್ಕಾರವು 1938ರಲ್ಲಿ ಹಿಂದೂಸ್ತಾನಿಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದಾಗ ಜನ ಬೀದಿಗಿಳಿದರು. 1940ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. 1965ರ ಚಳವಳಿಯಂತೂ ತಮಿಳುನಾಡಿನ ರಾಜಕಾರಣದ ದಿಕ್ಕನ್ನೇ ಬದಲಿಸಿತು. 1968ರಿಂದ ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ತಮಿಳು ಮತ್ತು ಇಂಗ್ಲಿಷ್ ಎರಡೇ. ಹಾಗಿದ್ದರೂ ಇವತ್ತಿಗೂ ಸಂಜೆಯಾದರೆ ಮಾಂಬಲದ ಬೀದಿಗಳಲ್ಲಿ ಮಕ್ಕಳು ಬ್ಯಾಗು ಹೆಗಲಿಗೇರಿಸಿ ಸಭೆಯ ಪರೀಕ್ಷೆಗಳಿಗಾಗಿ ಹಿಂದಿ ಟ್ಯೂಷನ್ನಿಗೆ ಹೋಗುತ್ತಾರೆ. ಭಾಷೆ ಒಂದೇ, ಆಜ್ಞೆಯಾಗಿ ಬಂದಾಗ ಅವಮಾನವೆನಿಸಿದ್ದು, ತಾನೇ ಆರಿಸಿಕೊಂಡಾಗ ಅನುಕೂಲವೆನಿಸಿತು. ಒಂದು ಜನಸಮುದಾಯದ ಮನಸ್ಸಿನಲ್ಲಿ ನಡೆದ ಈ ವ್ಯಾಪಾರ ಒಂದು ಮಗುವಿನ ಮನಸ್ಸಿನಲ್ಲಿಯೂ ನಡೆಯುತ್ತದೆ.

ತಮಿಳಿನ ಮಾತೂ ಹಾಗೆಯೇ. 2006ರ ತಮಿಳು ಕಲಿಕೆಯ ಕಾಯ್ದೆಯ ಪ್ರಕಾರ ಒಂದನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಬಂತು. ಆ ವ್ಯವಸ್ಥೆ ಹತ್ತನೆಯ ತರಗತಿಯನ್ನು ಮುಟ್ಟಿದಾಗ ಅಲ್ಪಸಂಖ್ಯಾತ ಭಾಷೆಗಳ ವಿದ್ಯಾರ್ಥಿಗಳು ವಿನಾಯಿತಿ ಕೋರಿ ನ್ಯಾಯಾಲಯದ ಮೆಟ್ಟಿಲೇರಿದರು. ಹೊಸೂರು, ತಾಳವಾಡಿಗಳಂತಹ ಗಡಿ ಪ್ರದೇಶದ ಕನ್ನಡ ಮಕ್ಕಳು ಸಂತೆಯಲ್ಲಿ, ಬಸ್ಸಿನಲ್ಲಿ ತಮಿಳನ್ನು ಅಂಜದೆ ಆಡುವವರು. ಅದೇ ತಮಿಳು ತೇರ್ಗಡೆಯನ್ನು ನಿರ್ಧರಿಸುವ ಪ್ರಶ್ನೆಪತ್ರಿಕೆಯಾಗಿ ಎದುರು ನಿಂತಾಗ ಬೇರೆಯದೇ ಮುಖ ತೋರಿಸುತ್ತದೆ. ಕಾಸರಗೋಡಿನ ಕನ್ನಡಿಗರು 2017ರಲ್ಲಿ ಮಲಯಾಳದ ಕಡ್ಡಾಯ ಕಲಿಕೆಯ ಬಗ್ಗೆ ಆತಂಕಗೊಂಡಾಗಲೂ ಅವರಿಗೆ ಮಲಯಾಳ ತಿಳಿಯದು ಎಂಬುದು ಅದರ ಕಾರಣವಾಗಿರಲಿಲ್ಲ. ರಾಜ್ಯವೊಂದು ತನ್ನ ಭಾಷೆಯನ್ನು ಕಲಿಸಬಯಸುವುದು ಸಹಜವೇ. ನಮ್ಮ ಕರ್ನಾಟಕವೂ 2015ರಲ್ಲಿ ಕನ್ನಡ ಕಲಿಕೆಗೆ ಅಂಥದೇ ಕಾಯ್ದೆ ಮಾಡಿದೆ. ನಾನು ಹೇಳುತ್ತಿರುವುದು ಇಷ್ಟೇ: ಕಾಯ್ದೆಯಿಂದ ಮಗುವನ್ನು ತರಗತಿಯಲ್ಲಿ ಕೂರಿಸಬಹುದು, ಅದರ ಒಲವನ್ನು ಕೂರಿಸಲಾಗದು.

ಈ ಒಲವಿನ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡವರಲ್ಲಿ ಕೆನಡಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೆಸ್ ಲ್ಯಾಂಬರ್ಟ್ ಪ್ರಮುಖರು. ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮಾತಿನ ವಿದ್ಯಾರ್ಥಿಗಳನ್ನು ಪರಿಶೀಲಿಸಿ 1959ರಲ್ಲಿ ಅವರು ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು. ಭಾಷೆ ಕಲಿಯುವ ಜನ್ಮಸಿದ್ಧ ಜಾಣತನ ಒಂದು ಕಡೆ. ಆ ಭಾಷೆಯನ್ನಾಡುವ ಜನರ ಬಗ್ಗೆ ಇರುವ ಮನೋಭಾವ ಇನ್ನೊಂದು ಕಡೆ. ಎರಡೂ ಬೇರೆಬೇರೆಯಾಗಿಯೇ ಫಲಿತಾಂಶದ ಮೇಲೆ ಪ್ರಭಾವ ಬೀರುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. ನೌಕರಿಗೋ ಪರೀಕ್ಷೆಗೋ ಭಾಷೆಯನ್ನು ಬಳಸಿಕೊಳ್ಳುವ ಬಯಕೆ ಒಂದು ಬಗೆ. ಆ ಜನರೊಡನೆ ಬೆರೆಯುವ ಬಯಕೆ ಮತ್ತೊಂದು ಬಗೆ ಎಂದು ಅವರು ವಿಂಗಡಿಸಿದರು. ನಮ್ಮ ಮಕ್ಕಳ ಹಿಂದಿ ಬಹುಪಾಲು ಮೊದಲನೆಯ ಬಗೆಯದು, ತಮಿಳು ಎರಡನೆಯ ಬಗೆಯದು. ಒಂದರ ಮೇಲೊಂದು ಹಿಂದಿ ಪರೀಕ್ಷೆಗಳನ್ನು ದಾಟಿ ಪ್ರಮಾಣಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವ ತರುಣರನ್ನು ನಾನು ಬಲ್ಲೆ. ದೆಹಲಿಯ ರೈಲು ನಿಲ್ದಾಣದಲ್ಲಿ ಒಂದು ಆಟೋ ಕರೆಯಲು ಅವರು ತಡವರಿಸುತ್ತಾರೆ. ಒಂದೂ ಪರೀಕ್ಷೆ ಬರೆಯದ ತಮಿಳಿನಲ್ಲಿ ಅವರೇ ಹಾಸ್ಯಚಟಾಕಿ ಹಾರಿಸುತ್ತಾರೆ.

ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರ್ಯಾಶನ್ 1980ರ ದಶಕದ ಆರಂಭದಲ್ಲಿ ಮುಂದಿಟ್ಟ ವಿಚಾರವೂ ಇಲ್ಲಿ ನೆನೆಯತಕ್ಕದ್ದು. ಕಲಿಯುವವನ ಮನಸ್ಸಿನಲ್ಲಿ ಭಾವಗಳದೊಂದು ಶೋಧಕವಿದೆ, ಅಂಜಿಕೆ, ಬೇಸರ, ಆತ್ಮವಿಶ್ವಾಸದ ಕೊರತೆಗಳು ಹೆಚ್ಚಾದಾಗ ಅದು ಬಿಗಿಯಾಗಿ, ಕಿವಿಗೆ ಬಿದ್ದ ಭಾಷೆ ಒಳಗಿಳಿಯುವುದೇ ಇಲ್ಲ ಎಂದು ಅವರು ಹೇಳಿದರು. ಚೆನ್ನೈಯಲ್ಲಿರುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಫಿ ಫಿಲ್ಟರಿನಲ್ಲಿ ಪುಡಿಯನ್ನು ಅತಿಯಾಗಿ ಒತ್ತಿ ಬಿಸಿನೀರು ಸುರಿದರೆ ನೀರು ಮೇಲೆಯೇ ನಿಲ್ಲುತ್ತದೆ, ಡಿಕಾಕ್ಷನ್ ಇಳಿಯುವುದಿಲ್ಲ. ಇನ್ನಷ್ಟು ನೀರು ಸುರಿದು ಪ್ರಯೋಜನವಿಲ್ಲ. 1986ರಲ್ಲಿ ಎಲೈನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಭಾಷಾ ತರಗತಿಯ ಅಂಜಿಕೆಯನ್ನು ಅಳೆಯಲು 33 ಹೇಳಿಕೆಗಳ ಒಂದು ಅಳತೆಗೋಲನ್ನು ರೂಪಿಸಿದರು. ಹೆಸರು ಹಿಡಿದು ಕರೆಯುವರೆಂದು ತಿಳಿದಾಗ ಬರುವ ನಡುಕ, ಜೊತೆಯವರು ನಕ್ಕಾರೆಂಬ ಭಯ, ಇಂಥವೇ ಅದರಲ್ಲಿನ ಸಂಗತಿಗಳು. ಕ್ರ್ಯಾಶನ್ನರ ಶೋಧಕವನ್ನು ಪ್ರಯೋಗದಿಂದ ಸಾಧಿಸಿ ತೋರಿಸುವುದು ಕಷ್ಟವೆಂದು ಆಕ್ಷೇಪಿಸಿದವರಿದ್ದಾರೆ. ಅಂಜಿಕೆಯಿಂದ ಕಲಿಕೆ ಕುಂಟುತ್ತದೆಯೋ, ಕಲಿಕೆ ಕುಂಟಿದ್ದರಿಂದ ಅಂಜಿಕೆ ಹುಟ್ಟುತ್ತದೆಯೋ ಎಂಬ ವಾದವೂ ಇದೆ. ಮಕ್ಕಳ ನಡುವೆ ಕುಳಿತು ನೋಡಿದರೆ ಅವೆರಡೂ ಒಂದನ್ನೊಂದು ಸಾಕುತ್ತವೆ ಎಂದೇ ತೋರುತ್ತದೆ.

ಆದರೆ ಈ ವಿದ್ವಾಂಸರು ಹೆಚ್ಚಾಗಿ ನೋಡಿದ್ದು ಪರಭಾಷೆಯನ್ನು ಕಲಿಯುವವರನ್ನು. ನಮ್ಮ ಹೊರನಾಡ ಮಕ್ಕಳ ಸಂಕಟಕ್ಕೆ ಇನ್ನೊಂದು ಮಡಿಕೆಯಿದೆ. ಅದನ್ನು ನನಗೆ ತೋರಿಸಿಕೊಟ್ಟವಳು ಹತ್ತು ವರ್ಷದ ಒಬ್ಬ ಹುಡುಗಿ.

ಅವಳು ತರಗತಿಗೆ ಬಂದಾಗ ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ಕತೆ ಹೇಳಿದರೆ ಸರಿಯಾದ ಜಾಗದಲ್ಲಿ ನಗುತ್ತಿದ್ದಳು. ಅಕ್ಷರಗಳನ್ನು ಎಲ್ಲರಿಗಿಂತ ಮೊದಲು ಕಲಿತಳು. ಮಾತನ್ನು ಮಾತ್ರ ಆಡಲೊಲ್ಲಳು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಉತ್ತರ. ತಿಂಗಳುಗಳು ಕಳೆದ ಮೇಲೆ ಅವಳ ತಾಯಿಯಿಂದ ಸಂಗತಿ ತಿಳಿಯಿತು. ಎರಡು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ದಾವಣಗೆರೆಗೆ ಅಜ್ಜಿಯ ಮನೆಗೆ ಹೋಗಿದ್ದರು. ಮನೆ ತುಂಬ ಮಕ್ಕಳು. ಅಜ್ಜಿ ಕೇಳಿದ್ದಕ್ಕೆ ಇವಳು, “ನಾನು ಆಗಲೇ ಪಾಲು ಕುಡಿದೆ ಅಜ್ಜಿ” ಎಂದಳು. ತಮಿಳಿನ ಪಾಲು, ಅಂದರೆ ಹಾಲು. ದೊಡ್ಡಪ್ಪನ ಮಗ ತಟ್ಟನೆ, “ಯಾರ ಪಾಲು ಕುಡಿದ್ಯೇ?” ಎಂದ. ಮನೆಯೆಲ್ಲ ನಕ್ಕಿತು. ಅಜ್ಜಿಯೂ ನಕ್ಕರು. ಆ ರಜೆಯುದ್ದಕ್ಕೂ ಅವಳಿಗೆ ‘ಪಾಲಮ್ಮ’ ಎಂದು ಹೆಸರಾಯಿತು. ಅಲ್ಲಿ ಯಾರೂ ಕೆಟ್ಟವರಲ್ಲ. ಅದು ಮುದ್ದಿನ ನಗೆಯೇ. ಆದರೆ ಚೆನ್ನೈಗೆ ಮರಳಿದ ಮೇಲೆ ಅವಳು ಅಜ್ಜಿಯ ಫೋನಿಗೆ ಬರುವುದನ್ನು ನಿಲ್ಲಿಸಿದಳು. ಹೋಂವರ್ಕ್ ಇದೆ, ತಲೆನೋವು, ಸ್ನಾನಕ್ಕೆ ಹೋಗಿದ್ದೇನೆ ಎಂದು ಹೇಳು ಎಂಬ ನೆಪಗಳು. ಎಂಬತ್ತು ದಾಟಿದ ಆ ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಒಂದು ಪದದ ತಪ್ಪಿನಿಂದಾಗಿ ಇಬ್ಬರ ನಡುವೆ ಎರಡು ವರ್ಷಗಳ ಮೌನ ಬೆಳೆದಿತ್ತು.

ಇದೇ ಹುಡುಗಿ ಹಿಂದಿಯ ಟ್ಯೂಷನ್ನಿನಲ್ಲಿ ಲಿಂಗವನ್ನು ತಪ್ಪಾಗಿ ಹೇಳಿ ಬೈಸಿಕೊಳ್ಳುತ್ತಿದ್ದಳು, ಮರುದಿನ ಮತ್ತೆ ಹೋಗಿ ಮತ್ತೆ ತಪ್ಪು ಹೇಳುತ್ತಿದ್ದಳು. ಅದು ಅವಳನ್ನು ತಟ್ಟಲಿಲ್ಲ. ಕಾರಣ ಸ್ಪಷ್ಟ. ಹಿಂದಿಯಲ್ಲಿ ತಪ್ಪಿದರೆ ಹೋಗುವುದು ಅಂಕ. ಕನ್ನಡದಲ್ಲಿ ತಪ್ಪಿದರೆ ಹೋಗುವುದು ಆ ಮನೆಯವಳು ಎಂಬ ಹಕ್ಕು, ಅಥವಾ ಹಾಗೆಂದು ಆ ಮಗುವಿಗೆ ಅನಿಸುತ್ತದೆ. ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡವು ಸಾಮರ್ಥ್ಯದಲ್ಲಿ ಎರಡನೆಯ ಭಾಷೆ, ಕೆಲವೊಮ್ಮೆ ಮೂರನೆಯದು, ನಾಲ್ಕನೆಯದು. ಆದರೆ ನಮ್ಮ ನಿರೀಕ್ಷೆಯಲ್ಲಿ ಅದು ಮೊದಲನೆಯ ಭಾಷೆ. ಈ ಎರಡರ ನಡುವಿನ ಅಂತರದಲ್ಲಿಯೇ ನಾಚಿಕೆ ಮನೆಮಾಡುತ್ತದೆ.

ನಮ್ಮ ಸಮಾರಂಭಗಳಲ್ಲಿ ಇದನ್ನು ಪ್ರತಿ ಸಲವೂ ಕಾಣಬಹುದು. ತಮಿಳರಾದ ಅತಿಥಿಯೊಬ್ಬರು ವೇದಿಕೆಗೆ ಬಂದು “ಎಲ್ಲರಿಗೂ ನಮಸ್ಕಾರ, ನನಗೆ ಕನ್ನಡ ಸ್ವಲ್ಪ ಸ್ವಲ್ಪ ಬರುತ್ತೆ” ಎಂದರೆ ಸಭಾಂಗಣ ಚಪ್ಪಾಳೆಯಿಂದ ತುಂಬುತ್ತದೆ. ಅದಾದ ಮೇಲೆ ನಮ್ಮದೇ ಮನೆಯ ಹುಡುಗನೊಬ್ಬ ಹತ್ತು ವಾಕ್ಯಗಳ ಕನ್ನಡ ಭಾಷಣ ಮಾಡಿ, ಒಂದು ಕಡೆ ‘ಹೋಗುತ್ತೇನೆ’ ಎನ್ನುವಲ್ಲಿ ‘ಪೋಗುತ್ತೇನೆ’ ಎಂದರೆ ಹಿಂದಿನ ಸಾಲಿನಿಂದ ನಗೆ ಕೇಳುತ್ತದೆ. ಎರಡು ವಾಕ್ಯಕ್ಕೆ ಚಪ್ಪಾಳೆ, ಹತ್ತು ವಾಕ್ಯಕ್ಕೆ ನಗೆ. ಪರರಿಗೆ ನಾವು ಕೊಡುವ ರಿಯಾಯಿತಿ ನಮ್ಮ ಮಕ್ಕಳಿಗಿಲ್ಲ. ಇದರ ಮೇಲೆ ತಂದೆತಾಯಂದಿರ ಒಂದು ರೂಢಿ ಸೇರುತ್ತದೆ. ಪರಿಚಯಸ್ಥರು ಸಿಕ್ಕಾಗ, ಮಗು ಪಕ್ಕದಲ್ಲಿಯೇ ನಿಂತಿರುವಾಗ, “ಇವನಿಗೆ ಕನ್ನಡವೇ ಬರೋದಿಲ್ಲ ನೋಡಿ” ಎಂದು ಏನನ್ನೋ ಕಳೆದುಕೊಂಡವರ ದನಿಯಲ್ಲಿ ಹೇಳುತ್ತಾರೆ. ಊರು ಬಿಟ್ಟು ಬಂದ ನೋವು ನಮ್ಮದು. ಅದನ್ನು ತೀರಿಸುವ ಹೊಣೆಯನ್ನು ಎಂಟು ವರ್ಷದ ನಾಲಗೆಯ ಮೇಲೆ ಇಡುತ್ತೇವೆ. ಮಗುವಿಗೆ ಕನ್ನಡ ಎಂದರೆ ಅಪ್ಪ ಅಮ್ಮ ಬೇಸರಪಡುವ ಸಂಗತಿ ಎಂದಾಗುತ್ತದೆ.

‘ಪಾಲು’ ಎಂಬ ಆ ಪದಕ್ಕೆ ಮರಳೋಣ. ಮದ್ರಾಸ್ ವಿಶ್ವವಿದ್ಯಾನಿಲಯದ ಬಗ್ಗೆ ಕನ್ನಡಿಗರು ಕೃತಜ್ಞರಾಗಿರಬೇಕಾದ ಕಾರಣಗಳಲ್ಲಿ ಒಂದು, ಕಿಟ್ಟೆಲ್ಲರ ನಿಘಂಟು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಆ ಮಹಾಗ್ರಂಥವನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಈ ವಿಶ್ವವಿದ್ಯಾನಿಲಯವೇ ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಒಂದು ಭಾನುವಾರ ಅದರ ಸಂಪುಟವೊಂದನ್ನು ತರಗತಿಗೆ ಒಯ್ದೆ. ಯಾರ ಹೆಸರನ್ನೂ ಎತ್ತದೆ, ಹಾಲಿಗೆ ಹಳಗನ್ನಡದಲ್ಲಿ ಏನೆನ್ನುತ್ತಿದ್ದರು ಗೊತ್ತೇ ಎಂದು ಕೇಳಿ ‘ಪಾಲ್’ ಎಂಬ ನಮೂದನ್ನು ತೆರೆದಿಟ್ಟೆ. ಮಕ್ಕಳು ಸುತ್ತ ನೆರೆದರು. ಆ ಹುಡುಗಿ ಪದದ ಮೇಲೆ ಬೆರಳಿಟ್ಟು ಎರಡು ಸಲ ಓದಿಕೊಂಡಳು. ಸಾವಿರ ವರ್ಷದ ಹಿಂದೆ ಪಂಪನ ಮನೆಯಲ್ಲಿಯೂ ಪಾಲನ್ನೇ ಕುಡಿಯುತ್ತಿದ್ದರು, ಆಮೇಲೆ ಕನ್ನಡದ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು, ತಮಿಳಿನಲ್ಲಿ ಅದು ಹಾಗೆಯೇ ಉಳಿಯಿತು ಎಂದು ವಿವರಿಸಿದೆ. “ಹಾಗಾದರೆ ಅದು ತಪ್ಪಲ್ಲವಾ ಮಿಸ್?” ಎಂದಳು. ಅವಳು ನನ್ನ ತರಗತಿಯಲ್ಲಿ ಆಡಿದ ಮೊದಲ ಕನ್ನಡ ವಾಕ್ಯ ಅದು. “ತಪ್ಪಲ್ಲ, ಸ್ವಲ್ಪ ಹಳೆಯದು” ಎಂದೆ.

ಆ ದಿನದಿಂದ ಮಕ್ಕಳಿಗೆ ಒಂದು ಆಟ ದೊರೆಯಿತು. ಪುಲಿ ಹುಲಿಯಾಯಿತು, ಪಲ್ ಹಲ್ಲಾಯಿತು, ಪತ್ತು ಹತ್ತಾಯಿತು, ಪೂ ಹೂವಾಯಿತು, ಪಾಂಬು ಹಾವಾಯಿತು. ಒಬ್ಬ ಹುಡುಗ ‘ಪುಸ್ತಕ’ವು ‘ಹುಸ್ತಕ’ವಾಗಬೇಕಲ್ಲ ಎಂದು ತಕರಾರು ತೆಗೆದ. ಹುಸ್ತಕವಿಲ್ಲ, ಆದರೆ ಅದರಿಂದಲೇ ಹುಟ್ಟಿದ ‘ಹೊತ್ತಗೆ’ ಇದೆ ಎಂದಾಗ ಅವನಿಗೆ ಗೆದ್ದ ಸಂತೋಷ. ಇನ್ನೊಬ್ಬಳು ತಾನೇ ಇನ್ನೊಂದು ಸೂತ್ರವನ್ನು ಕಂಡುಹಿಡಿದಳು: ವಾ ಎಂದರೆ ಬಾ, ವಾಯ್ ಎಂದರೆ ಬಾಯಿ, ವಿಲ್ ಎಂದರೆ ಬಿಲ್ಲು, ವೇರ್ ಎಂದರೆ ಬೇರು, ವೆಳ್ಳಿ ಎಂದರೆ ಬೆಳ್ಳಿ. ಪ್ರತಿಯೊಬ್ಬರೂ ಜೋಡಿ ಪದಗಳ ನೋಟ್‌ಬುಕ್ ಇಟ್ಟುಕೊಂಡರು. ಜೋಡಿಯಾಗದೆ ಕೀಟಲೆ ಮಾಡುವ ಪದಗಳೂ ಅದರಲ್ಲಿ ಸೇರಿದವು. ತಮಿಳಿನಲ್ಲಿ ‘ಮಾಡು’ ಎಂದರೆ ಹಸು. ನಮ್ಮ ಹುಡುಗನೊಬ್ಬನ ಮನೆಗೆ ಬಂದ ತಮಿಳು ಗೆಳೆಯ, ಅವನ ತಾಯಿ ಅದು ಮಾಡು ಇದು ಮಾಡು ಎನ್ನುವುದನ್ನು ಕೇಳಿ, ನಿಮ್ಮ ಮನೆಯಲ್ಲಿ ಒಟ್ಟು ಎಷ್ಟು ಹಸುಗಳಿವೆ ಎಂದು ಕೇಳಿದನಂತೆ. ಈ ಸಲ ನಕ್ಕವರಲ್ಲಿ ಯಾರ ಮನಸ್ಸೂ ನೋಯಲಿಲ್ಲ. ತಪ್ಪು ಮಾಡಿದ ಒಬ್ಬರನ್ನು ನೋಡಿ ನಗುವುದಕ್ಕೂ ಎರಡು ಭಾಷೆಗಳ ಚೇಷ್ಟೆಗೆ ಎಲ್ಲರೂ ಕೂಡಿ ನಗುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ.

ಚೆನ್ನೈಯಲ್ಲಿ ಬೆಳೆದ ಮಗುವಿಗೆ ಕನ್ನಡದ ವಿಷಯದಲ್ಲಿ ಒಂದು ಸಂಪತ್ತು ವಿಶೇಷವಾಗಿ ಒದಗಿದೆ ಎಂಬುದನ್ನೂ ಅವರಿಗೆ ಹೇಳಿದೆ. ಹಳಗನ್ನಡದಲ್ಲಿದ್ದು ಆಮೇಲೆ ಬಳಕೆ ತಪ್ಪಿಹೋದ ‘ೞ’ ಎಂಬ ಅಕ್ಷರದ ವಿಚಾರವನ್ನು ಕೇಶಿರಾಜನು 13ನೇ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ ಚರ್ಚಿಸಿದ್ದಾನೆ. ಇಂದು ಬೆಂಗಳೂರಿನಲ್ಲಿ ಹಳಗನ್ನಡ ಓದುವ ವಿದ್ಯಾರ್ಥಿಗಳಿಗೆ ಅದನ್ನು ಉಚ್ಚರಿಸಲು ಹೇಳಿಕೊಡಬೇಕಾಗುತ್ತದೆ. ಇಲ್ಲಿನ ಮಕ್ಕಳಿಗೆ ಅದು ನಾಲಗೆಯ ತುದಿಯಲ್ಲಿಯೇ ಇದೆ; ತಮಿಳು ಎಂಬ ಹೆಸರಿನ ಕೊನೆಯಲ್ಲಿರುವುದೇ ಆ ದನಿ. ದಾವಣಗೆರೆಯ ದೊಡ್ಡಪ್ಪನ ಮಗನಿಗೆ ಬಾರದ ಒಂದು ಕನ್ನಡದ ಅಕ್ಷರ ತನಗೆ ಬರುತ್ತದೆ ಎಂದು ತಿಳಿದಾಗ ಆ ಹುಡುಗಿಯ ಮುಖದಲ್ಲಿ ಕಂಡ ಬೆಳಕನ್ನು ನಾನು ಬಣ್ಣಿಸಲಾರೆ. ಕೆಲವು ವಾರಗಳ ನಂತರ ಅವಳೇ ದಾವಣಗೆರೆಗೆ ಫೋನು ಮಾಡಿದಳು. ಅಜ್ಜಿಯೊಡನೆ ಏನು ಮಾತಾಡಿದಳೋ ನಾನು ಕೇಳಲಿಲ್ಲ. ಅರ್ಧ ಗಂಟೆ ಮಾತಾಡಿದಳು, ಅಜ್ಜಿ ಅತ್ತರು ಎಂದು ಅವಳ ತಾಯಿ ಹೇಳಿದರು. ಈಗಲೂ ಅವಳ ಕನ್ನಡದಲ್ಲಿ ತಮಿಳು ಬೆರೆಯುತ್ತದೆ. ಆದರೆ ಅವಳು ಮಾತನಾಡುತ್ತಾಳೆ.

ಮನೆಯ ಭಾಷೆ ಬೇರೆಯಾಗಿದ್ದೂ ಕನ್ನಡವನ್ನು ಬೆಳಗಿದವರ ಸಾಲು ನಮ್ಮಲ್ಲಿ ದೊಡ್ಡದು. ಮಾಸ್ತಿ ವೆಂಕಟೇಶ ಅಯ್ಯಂಗಾರ್, ಟಿ.ಪಿ. ಕೈಲಾಸಂ, ಪು.ತಿ. ನರಸಿಂಹಾಚಾರ್, ಜಿ.ಪಿ. ರಾಜರತ್ನಂ ಇವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋವಿಂದ ಪೈಗಳದು ಕೊಂಕಣಿ. ಮಾಸ್ತಿ ಮತ್ತು ಕೈಲಾಸಂ ಇಬ್ಬರೂ ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು. ಮರೀನಾದ ಎದುರಿನ ಆ ಕೆಂಪು ಕಟ್ಟಡದ ಮುಂದೆ ಹಾದುಹೋಗುವಾಗ ಮಕ್ಕಳಿಗೆ ಇದನ್ನು ಹೇಳುವುದು ನನಗೆ ಇಷ್ಟ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ, ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿಯವರು ಕನ್ನಡದ ಆಸ್ತಿ ಎನಿಸಿಕೊಂಡರು. ಕೈಲಾಸಂ ಕನ್ನಡ ಇಂಗ್ಲಿಷುಗಳ ಬೆರಕೆ ಮಾತನ್ನೇ ರಂಗದ ಮೇಲೆ ತಂದು ಒಂದು ತಲೆಮಾರನ್ನು ನಗಿಸಿದರು. ಕನ್ನಡ ತಮ್ಮದಾಗಲು ಅವರಿಗೆ ಹುಟ್ಟಿನ ಪ್ರಮಾಣಪತ್ರ ಬೇಕಾಗಲಿಲ್ಲ. ಹುಟ್ಟಿನಿಂದ ಆ ಪ್ರಮಾಣಪತ್ರ ಪಡೆದ ನಮ್ಮ ಮಕ್ಕಳು ಅದರ ಭಾರಕ್ಕೇ ಕುಗ್ಗಬಾರದು.

ನಾಚಿಕೆಯಷ್ಟೇ ಬಲವಾದ ಇನ್ನೊಂದು ಭಾವ ಭಯ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿವಾದ ಕಾವೇರಿತು. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಆ ವಾರ ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ, ಬಸ್ಸಿನಲ್ಲಿ ಕನ್ನಡ ಮಾತಾಡಬೇಡ, ಫೋನು ಬಂದರೆ ಮನೆಗೆ ಬಂದ ಮೇಲೆ ಮಾತಾಡು ಎಂದು ಹೇಳಿದರು. ಪಾಲಕರ ಎಚ್ಚರಿಕೆ ಸಹಜವಾದದ್ದೇ. ಭಾನುವಾರ ತರಗತಿಗೆ ಮೂವರೇ ಮಕ್ಕಳು ಬಂದರು. ಅವರಲ್ಲೊಬ್ಬ, “ಮಿಸ್, ಕನ್ನಡ ಮಾತಾಡೋದು ಕೆಟ್ಟದ್ದಾ?” ಎಂದು ಕೇಳಿದ. ವರ್ಷಗಟ್ಟಲೆ ಕಲಿಸಿದ್ದನ್ನು ಅಳಿಸಿಹಾಕಲು ಆ ಒಂದು ವಾರ ಸಾಕಾಗಿತ್ತೇನೋ. ನಮ್ಮ ತರಗತಿ ನಡೆಯುತ್ತಿದ್ದುದು ಒಬ್ಬ ತಮಿಳು ಮಹಿಳೆಯ ಮನೆಯ ಕೆಳಗಿನ ಹಜಾರದಲ್ಲಿ. ನಾವೆಲ್ಲ ಅವರನ್ನು ಮಾಮಿ ಎಂದೇ ಕರೆಯುತ್ತಿದ್ದೆವು. ಅವರು ಎಂದಿನಂತೆ ಚಾಪೆ ಹಾಸಿ, ಮಕ್ಕಳು ಕಡಿಮೆಯಿರುವುದನ್ನು ನೋಡಿ, “ಇನ್ನಿಕ್ಕು ಕ್ಲಾಸ್ ಇಲ್ಲಿಯಾ?” ಎಂದರು. ವಿಷಯ ತಿಳಿದಾಗ ಏನೂ ಮಾತನಾಡದೆ ಒಳಗೆ ಹೋಗಿ, ಬಂದ ಮೂವರಿಗೂ ತಿಂಡಿ ತಂದುಕೊಟ್ಟು, ತಾವೂ ಒಂದು ಮೂಲೆಯಲ್ಲಿ ಕುಳಿತು ಪಾಠ ಮುಗಿಯುವವರೆಗೂ ಕೇಳಿದರು. ಮುಂದಿನ ಭಾನುವಾರ ಏಳು ಮಕ್ಕಳು ಬಂದರು. ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಯಾವ ಉತ್ತರಕ್ಕಿಂತಲೂ ಮಾಮಿಯವರು ಅಲ್ಲಿ ಕುಳಿತದ್ದೇ ಹೆಚ್ಚು ಕೆಲಸ ಮಾಡಿತು.

ಆದ್ದರಿಂದಲೇ ತಮಿಳನ್ನು ಹಳಿದು ಕನ್ನಡ ಕಲಿಸುತ್ತೇವೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಮಗುವಿನ ಗೆಳೆಯರೆಲ್ಲ ತಮಿಳಿನಲ್ಲಿದ್ದಾರೆ. ಅವರ ಭಾಷೆ ನಮ್ಮ ಭಾಷೆಯನ್ನು ಕದಿಯುತ್ತಿದೆ ಎಂದು ಮನೆಯಲ್ಲಿ ಕೇಳಿಸಿಕೊಂಡ ಮಗು ಗೆಳೆಯರ ಕಡೆಗೋ ಅಜ್ಜಿಯ ಕಡೆಗೋ ಎಂಬ ಇಕ್ಕಟ್ಟಿನಲ್ಲಿ ಸಿಲುಕುತ್ತದೆ. ಹತ್ತು ವರ್ಷದ ವಯಸ್ಸಿನಲ್ಲಿ ಗೆಳೆಯರೇ ಗೆಲ್ಲುತ್ತಾರೆ. ಎರಡನ್ನೂ ಅಕ್ಕತಂಗಿಯರೆಂದು ತೋರಿಸಿದರೆ ಮಗು ಯಾರನ್ನೂ ಬಿಡಬೇಕಾಗಿಲ್ಲ.

ಹೊರನಾಡಿನ ತಂದೆತಾಯಂದಿರು ನನ್ನನ್ನು ಹೆಚ್ಚಾಗಿ ಕೇಳುವುದು ಯಾವ ಪುಸ್ತಕ ಕೊಡಿಸಬೇಕು, ಯಾವ ಆ್ಯಪ್ ಒಳ್ಳೆಯದು ಎಂದು. ಅವೆಲ್ಲ ಬೇಕು; ಆದರೆ ಅದಕ್ಕಿಂತ ಮೊದಲು ಮನೆಯಲ್ಲಿ ಕೆಲವು ಸಂಗತಿಗಳು ನೆಟ್ಟಗಾಗಬೇಕು. ಮಗುವಿನ ಎದುರಿಗೆ ಅದರ ಕನ್ನಡವನ್ನು ಕುರಿತು ಮರುಗುವುದನ್ನು ಬಿಡಬೇಕು. ಊರಿಗೆ ಹೋಗುವ ಮೊದಲು ಅಲ್ಲಿನ ಹಿರಿಯರಿಗೆ ಒಂದು ಮಾತು ಹೇಳಿಡಬೇಕು: ಮಗು ಏನೇ ಅಂದರೂ ನಗಬೇಡಿ, ಹೆಸರಿಡಬೇಡಿ. ಅಜ್ಜ ಅಜ್ಜಿಯರ ಫೋನು ಪರೀಕ್ಷೆಯಾಗಬಾರದು; “ಎಲ್ಲಿ, ಕನ್ನಡದಲ್ಲಿ ಹೇಳು ನೋಡೋಣ” ಎಂಬ ಸವಾಲಿಗಿಂತ “ಇವತ್ತು ಯಾರು ಗೆದ್ದರು?” ಎಂಬ ಪ್ರಶ್ನೆ ಹೆಚ್ಚು ಮಾತು ಹೊರಡಿಸುತ್ತದೆ. ಸಾಧ್ಯವಾದರೆ ಮಗುವೇ ಅಜ್ಜಿಗೆ ನಾಲ್ಕು ತಮಿಳು ಪದ ಕಲಿಸಲಿ. ಅಜ್ಜಿಯ ನಾಲಗೆ ತಡವರಿಸುವುದನ್ನು ಕಂಡ ಮಗುವಿಗೆ ತಡವರಿಕೆ ಎಲ್ಲರಿಗೂ ಇರುವಂಥದು ಎಂದು ತಿಳಿಯುತ್ತದೆ.

ಹಾಗಾದರೆ ತಿದ್ದುವುದೇ ಬೇಡವೇ ಎಂದು ಕೇಳುತ್ತಾರೆ. ತಿದ್ದಬೇಕು, ಭಾಷೆಯ ಬಗ್ಗೆ ಅಸಡ್ಡೆಯನ್ನು ನಾನು ಬೋಧಿಸುತ್ತಿಲ್ಲ. ಆದರೆ ತಿದ್ದುವುದಕ್ಕೆ ಮಾತನ್ನು ತಡೆದು ನಿಲ್ಲಿಸಬೇಕಾಗಿಲ್ಲ. ಮಗು “ಪಾಲು ಬೇಕು” ಎಂದಾಗ ಲೋಟ ತುಂಬಿಸಿ “ತಗೋ ಹಾಲು, ಬಿಸಿಯಾಗಿದೆ” ಎಂದು ಕೈಗೆ ಕೊಟ್ಟರೆ ಸಾಕು. ಸರಿಯಾದ ಪದ ಕಿವಿಗೆ ಬಿತ್ತು, ಕೇಳಿದ್ದು ಸಿಕ್ಕಿತು, ಮಾತೂ ಮುಂದುವರಿಯಿತು. ನಾಳೆಯೋ ನಾಡಿದ್ದೋ ಆ ಪದ ತಾನಾಗಿಯೇ ನಾಲಗೆಗೆ ಬರುತ್ತದೆ.